ಎಸ್‌ಕ್ಯೂಎಲ್ ರೂಪಿಸಿದ್ದು ಎಡ್ಗರ್ ಕಾಡ್ ಅವರೇ?

ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್. ಇದನ್ನು ರೂಪಿಸಿದ್ದು ಎಡ್ಗರ್ ಕಾಡ್ ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ಅವರ ಬದುಕನ್ನೇ ನೋಡೋಣ.

1923ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕಾಡ್ ಆಕ್ಸ್‌ಫರ್ಡ್‌ನಲ್ಲಿ ಗಣಿತ ಓದಿದರು. ಎರಡನೇ ಮಹಾಯುದ್ಧದಲ್ಲಿ ಪೈಲಟ್ ಆಗಿದ್ದರು. ಬಳಿಕ ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದರು.

ಆಗ ಮಾಹಿತಿ ಎಲ್ಲಿದೆ, ಅಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೆಲ್ಲ ಪ್ರೋಗ್ರಾಮರ್‌ಗಳೇ ಬರೆಯಬೇಕಿತ್ತು. ಸಂಗ್ರಹಿಸುವ ರೀತಿ ಬದಲಾದರೆ ಪ್ರೋಗ್ರಾಂ ಕೆಡುತ್ತಿತ್ತು. 1970ರಲ್ಲಿ ಕಾಡ್ ಪರಿಹಾರ ಸೂಚಿಸಿದರು: ಮಾಹಿತಿಯನ್ನು ಟೇಬಲ್‌ಗಳಲ್ಲಿಡಿ, ಏನು ಬೇಕೆಂದಷ್ಟೇ ಕೇಳಿ, ಹುಡುಕುವ ಕೆಲಸ ಕಂಪ್ಯೂಟರ್‌ಗೆ ಬಿಡಿ. ಇದೇ ರಿಲೇಷನಲ್ ಡೇಟಾಬೇಸ್.

ಆದರೆ ಐಬಿಎಂ ಆಗಲೇ ಐಎಂಎಸ್ ಎಂಬ ಹಳೆಯ ಮಾದರಿಯ ಡೇಟಾಬೇಸ್ ಮಾರುತ್ತಿತ್ತು. ಹಾಗಾಗಿ ಹೊಸದನ್ನು ಮಾರುಕಟ್ಟೆಗೆ ತರಲು ತಡಮಾಡಿತು. 1979ರಲ್ಲಿ ಇಂದಿನ ಒರಾಕಲ್ ಕಂಪನಿ ಅದಕ್ಕಿಂತ ಮುಂದೆ ಹೋಯಿತು.

ಎಸ್‌ಕ್ಯೂಎಲ್‌ನ ಮೊದಲ ರೂಪವನ್ನು 1974ರಲ್ಲಿ ಪ್ರಕಟಿಸಿದ್ದು ಐಬಿಎಂನವರೇ ಆದ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್. ಅದು ತಮ್ಮ ಮಾದರಿಯನ್ನು ಸರಿಯಾಗಿ ಪಾಲಿಸುತ್ತಿಲ್ಲ ಎಂದು ಕಾಡ್ ಮುಂದೆ ಟೀಕಿಸಿದರು.

1981ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. 2003ರಲ್ಲಿ ತೀರಿಕೊಂಡರು.

ಹಾಗಾಗಿ ನಾವು ಹೇಳುವುದಿಷ್ಟು: ಎಸ್‌ಕ್ಯೂಎಲ್ ಕಾಡ್ ಅವರದಲ್ಲ, ಅದರ ಹಿಂದಿನ ಯೋಚನೆ ಅವರದು. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ.