ಗಾಂಧೀಜಿ ಮತ್ತು ಮನಿ ಕಳಕೊಂಡ ಮಂದಿ



ಮಹಾತ್ಮಾ ಗಾಂಧೀಜಿಯವರ ಹೆಸರು ಕೇಳದವರು ಯಾರೂ ಇಲ್ಲ. ಉಪ್ಪಿನ ಸತ್ಯಾಗ್ರಹ, ಚರಕ ಇವೆಲ್ಲ ನಮ್ಮ ಪಾಠದಾಗ ಬಂದಾವ. ಮನೆ ಇಲ್ಲದ ಸಂಸಾರಗಳಿಗೆ ಅವರು ಎಲ್ಲ ಧರ್ಮದವರನ್ನು ಕೂಡಿಸಿಕೊಂಡು ಹೇಗೆ ಆಸರೆ ಮಾಡಿದರು ಎಂಬುದನ್ನು ನಾನು ಇಲ್ಲಿ ಬರೆಯುತ್ತೇನೆ.

ಗಾಂಧೀಜಿಯವರು ೧೮೬೯ನೇ ಇಸ್ವಿ ಅಕ್ಟೋಬರ ೨ರಂದು ಗುಜರಾತದ ಪೋರಬಂದರದಲ್ಲಿ ಹುಟ್ಟಿದರು. ತಂದೆ ಕರಮಚಂದ, ತಾಯಿ ಪುತಲೀಬಾಯಿ. ತಂದೆಯವರ ಹತ್ತಿರ ಮುಸಲ್ಮಾನ, ಪಾರಸಿ, ಜೈನ ಸ್ನೇಹಿತರು ಬಂದು ಧರ್ಮದ ವಿಷಯ ಮಾತಾಡುತ್ತಿದ್ದರು. ಅದನ್ನು ಕೇಳುತ್ತ ಬಾಲಕ ಮೋಹನದಾಸರು ಬೆಳೆದರು.

ಮುಂದೆ ಲಂಡನ್ನಿನಲ್ಲಿ ಕಲಿತು ಬ್ಯಾರಿಸ್ಟರ ಆದರು. ೧೮೯೩ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ನಮ್ಮ ದೇಶದವರ ಮೇಲೆ ಅನ್ಯಾಯದ ಕಾಯದೆಗಳಿದ್ದವು. ಅವುಗಳ ವಿರುದ್ಧ ಸತ್ಯಾಗ್ರಹ ಮಾಡಿದವರು ಜೇಲಿಗೆ ಹೋದರು. ದುಡಿಯುವವರೇ ಜೇಲಿನಾಗ ಕುಂತರೆ ಹೆಂಡರು ಮಕ್ಕಳು ಎಲ್ಲಿರಬೇಕು, ಏನು ತಿನ್ನಬೇಕು? ೧೯೧೦ರಲ್ಲಿ ಕಾಲೆನ್‌ಬಾಕ್ ಎಂಬ ಯಹೂದಿ ಗೆಳೆಯರು ಜೋಹಾನ್ಸಬರ್ಗದ ಹತ್ತಿರದ ತಮ್ಮ ೧,೧೦೦ ಎಕರೆ ಹೊಲವನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟರು. ಅದಕ್ಕೆ ಟಾಲ್‌ಸ್ಟಾಯ್ ಫಾರ್ಮ್ ಎಂದು ಹೆಸರಿಟ್ಟರು. ಹಿಂದೂ, ಮುಸಲ್ಮಾನ, ಕ್ರಿಶ್ಚನ್, ಪಾರಸಿ ಎಲ್ಲರೂ ಕೂಡಿ ಅಲ್ಲಿ ತಗಡಿನ ಮನೆಗಳನ್ನು ಕಟ್ಟಿಕೊಂಡರು. ಅಡಿಗಿ ಎಲ್ಲರಿಗೂ ಒಂದೇ. ರಮಜಾನದಲ್ಲಿ ಮುಸಲ್ಮಾನ ಹುಡುಗರು ರೋಜಾ ಹಿಡಿದಾಗ ಬೇರೆ ಹುಡುಗರೂ ಮಧ್ಯಾಹ್ನದ ಊಟ ಬಿಟ್ಟರು. ಹೊತ್ತು ಮುಳುಗುವ ಮೊದಲು ತಾವು ಉಂಡು, ಆಮೇಲೆ ರೋಜಾ ಬಿಡುವವರಿಗೆ ಬಡಿಸುತ್ತಿದ್ದರು.

೧೯೧೫ರಲ್ಲಿ ಗಾಂಧೀಜಿ ಭಾರತಕ್ಕೆ ಮರಳಿದರು. ನಮ್ಮ ಜಿಲ್ಲೆಗೂ ಬಂದಿದ್ದಾರೆ. ೧೯೨೪ರ ಡಿಸೆಂಬರದಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ೧೯೩೭ರಲ್ಲಿ ಬೆಳಗಾವಿ ಹತ್ತಿರದ ಹುದಲಿ ಎಂಬ ಹಳ್ಳಿಯಲ್ಲಿ ಉಳಿದಿದ್ದರು.

೧೯೪೭ರಲ್ಲಿ ಸ್ವಾತಂತ್ರ್ಯ ಬಂತು, ಆದರೆ ದೇಶ ಎರಡಾಯಿತು. ಒಂದು ಕೋಟಿಗಿಂತ ಹೆಚ್ಚು ಮಂದಿ ಮನೆಮಾರು ಬಿಟ್ಟು ಹೊರಟರು. ಸೆಪ್ಟೆಂಬರದಲ್ಲಿ ಗಾಂಧೀಜಿ ದಿಲ್ಲಿಗೆ ಬಂದರು. ಆಗ ಅವರ ವಯಸ್ಸು ಎಪ್ಪತ್ತೆಂಟರ ಸುಮಾರು. ಮುಸಲ್ಮಾನರು ತುಂಬಿದ್ದ ಪುರಾನಾ ಕಿಲ್ಲಾಕ್ಕೂ ಹೋದರು, ಹಿಂದೂ ಸಿಖ್ಖರು ಇದ್ದ ಕಿಂಗ್ಸ್‌ವೇ ಕ್ಯಾಂಪಿಗೂ ಹೋದರು. ಚಳಿಗಾಲ ಬಂದಾಗ ಕಂಬಳಿ, ರಜಾಯಿ ಕೊಡಿರೆಂದು ಪ್ರಾರ್ಥನಾ ಸಭೆಯಲ್ಲಿ ಬೇಡಿದರು. ಇಬ್ಬನಿಗೆ ರಜಾಯಿ ತೊಯ್ಯದಂತೆ ಮ್ಯಾಲೆ ಹಳೇ ಪೇಪರ್ ಹೊದಿಸಿಕೊಳ್ಳಲು ಹೇಳಿಕೊಟ್ಟರು.

ಒಂದು ಕಠಿಣ ಮಾತು ಇಲ್ಲಿದೆ. ಪಾಕಿಸ್ತಾನದಿಂದ ಬಂದ ನಿರಾಶ್ರಿತರು ದಿಲ್ಲಿಯ ಮಸೀದಿಗಳಲ್ಲಿ ಸೇರಿಕೊಂಡಿದ್ದರು. ಅವನ್ನು ಬಿಟ್ಟುಕೊಡಬೇಕೆಂದು ಗಾಂಧೀಜಿ ಹೇಳಿದರು. ಓದಿದಾಗ ನನಗೆ ಪಾಪ ಅನಿಸಿತು. ಅಂಥಾ ಥಂಡಿಯಾಗ ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಅವರು ಎಲ್ಲಿ ಹೋಗಬೇಕು? ಆದರೆ ಅವರು ಹೆದರಿ ಓಡಿಬಂದ ಹಾಗೆಯೇ ದಿಲ್ಲಿಯ ಮುಸಲ್ಮಾನರೂ ಹೆದರಿ ಓಡುತ್ತಿದ್ದರು. ಒಬ್ಬರನ್ನು ಎಬ್ಬಿಸಿ ಇನ್ನೊಬ್ಬರಿಗೆ ಜಾಗಾ ಕೊಟ್ಟರೆ ನಿರಾಶ್ರಿತರು ಕಡಿಮೆ ಆಗುವುದಿಲ್ಲ. ನನಗೆ ಇದು ವಿಚಾರ ಮಾಡಿದ ಮ್ಯಾಲೆ ತಿಳೀತು.

೧೯೪೮ರ ಜನವರಿ ೧೩ರಂದು ಗಾಂಧೀಜಿ ಉಪವಾಸ ಕುಳಿತರು. ಕೆಲವರು ಸಿಟ್ಟಿನಿಂದ ಅವರ ವಿರುದ್ಧ ಕೂಗಿದರು. ಬಾಬು ರಾಜೇಂದ್ರ ಪ್ರಸಾದರ ಮನೆಯಲ್ಲಿ ಹಿಂದೂ, ಮುಸಲ್ಮಾನ, ಸಿಖ್ಖ ಮುಖಂಡರು ಸಭೆ ಸೇರಿದರು. ಮಸೀದಿ ತಿರುಗಿ ಕೊಡುತ್ತೇವೆ, ಊರು ಬಿಟ್ಟ ಮುಸಲ್ಮಾನರು ಮರಳಿ ಬಂದರೆ ಅಡ್ಡಿ ಮಾಡುವುದಿಲ್ಲ ಎಂದು ನೂರಕ್ಕಿಂತ ಹೆಚ್ಚು ಮಂದಿ ಒಪ್ಪಿ ಬರೆದುಕೊಟ್ಟರು. ೧೮ರಂದು ಉಪವಾಸ ಮುಗಿಯಿತು. ೨೭ರಂದು ಮೆಹರೌಲಿ ದರ್ಗಾದ ಉರುಸಿಗೆ ಹಿಂದೂ ಸಿಖ್ಖರೂ ಬಂದರು, ಗಾಂಧೀಜಿಯೂ ಹೋದರು. ಮೂರೇ ದಿನಕ್ಕೆ, ಜನವರಿ ೩೦ರಂದು, ಪ್ರಾರ್ಥನೆಗೆ ಹೋಗುವಾಗ ನಾಥೂರಾಮ ಗೋಡ್ಸೆ ಅವರನ್ನು ಗುಂಡಿಕ್ಕಿ ಕೊಂದನು.

ಮನೆ ಹೋಗುವುದು ಜಗಳದಿಂದ ಅಷ್ಟೇ ಅಲ್ಲ. ೨೦೧೯ರ ಆಗಸ್ಟದಲ್ಲಿ ಮಲಪ್ರಭಾ ಹೊಳಿ ತುಂಬಿ ಬಂದು ಸವದತ್ತಿ, ರಾಮದುರ್ಗ ತಾಲೂಕಿನ ಹೊಳಿದಂಡಿ ಊರಾಗ ಬಹಳ ಮನಿ ಬಿದ್ದವು. ಬೈಲಹೊಂಗಲ, ಕಿತ್ತೂರ ಕಡೆಗೂ ಮಳೆಗೆ ಮಣ್ಣಿನ ಗ್ವಾಡಿ ಕುಸಿದವು. ನೀರು ಯಾರ ಜಾತಿಯನ್ನೂ ಕೇಳಲಿಲ್ಲ. ನಮ್ಮ ಕಡೆ ಮೊಹರಮ್ ಹಬ್ಬಕ್ಕೆ, ಜಾತ್ರಿಗೆ ಎಲ್ಲರೂ ಕೂಡುತ್ತೇವೆ. ಹಾಗೆಯೇ ಗುಡಿಯ ಹಿರಿಯರು, ಮಠದವರು, ಮಸೀದಿಯ ಜಮಾತಿನವರು ಮಳೆಗಾಲಕ್ಕಿಂತ ಮೊದಲೇ ಒಮ್ಮೆ ಕೂಡಿ ಕುಂತು, ಮನಿ ಬಿದ್ದವರು ಎಲ್ಲಿ ಮಲಗಬೇಕು, ಅಡಿಗಿ ಎಲ್ಲಿ ಆಗಬೇಕು, ಹಾಸಿಗೆ ಯಾರು ಕೊಡಬೇಕು ಎಂದು ಗೊತ್ತು ಮಾಡಿದರೆ ಎಷ್ಟು ಚಲೋ! ಗಾಂಧಿ ಜಯಂತಿಗೆ ಫೋಟೋಕ್ಕೆ ಹಾರ ಹಾಕುವ ನಾವು ಇದನ್ನೂ ಮಾಡಬೇಕೆಂದು ನನ್ನ ಆಸೆ.

— ೭ನೇ ಇಯತ್ತೆ