ವೈದ್ಯಶ್ರೇಷ್ಠ ಲುಡ್ವಿಗ್ ಗುಟ್‌ಮನ್

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವನು ನಾನು. ನಮ್ಮ ಮನೆಯವರೆಲ್ಲರದೂ ಕೈದುಡಿಮೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಮೂರು ವರ್ಷಗಳ ಹಿಂದೆ ಅಡಿಕೆಯ ಕೊನೆ ತೆಗೆಯಲು ಮರ ಹತ್ತಿದ್ದ ನನ್ನ ಸೋದರಮಾವ ಕೆಳಗೆ ಬಿದ್ದು ಕತ್ತಿನ ಮೂಳೆ ಮುರಿದುಕೊಂಡರು. ಕಾಲುಗಳ ಸ್ವಾಧೀನ ಪೂರ್ತಿ ತಪ್ಪಿತು. ಮೊಣಕೈ ಮಡಚುತ್ತಿತ್ತು, ಮಣಿಕಟ್ಟು ಮೇಲೇಳುತ್ತಿತ್ತು. ಆದರೆ ಬೆರಳುಗಳು ಅಲುಗಲಿಲ್ಲ. ಕೈ ಹೋಯಿತೆಂದೇ ನಾವೆಲ್ಲ ತಿಳಿದೆವು. ಅವರಿಗೆ ಅನ್ನ ತಿನ್ನಿಸುವುದು, ಮುಖ ತೊಳೆಸುವುದು, ಎಲ್ಲವನ್ನೂ ನಾವೇ ಮಾಡಿ, ಅದನ್ನೇ ಸೇವೆ ಎಂದುಕೊಂಡೆವು. ಅದು ಅರ್ಧ ಸೇವೆ ಮಾತ್ರವೆಂದು ನನಗೆ ಕಲಿಸಿದ್ದು ಒಬ್ಬ ವೈದ್ಯರ ಜೀವನಚರಿತ್ರೆ. ಅದನ್ನು ನನ್ನ ಸಹಪಾಠಿಗಳಿಗೆ ತಿಳಿಸಬೇಕೆಂಬ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಲುಡ್ವಿಗ್ ಗುಟ್‌ಮನ್ನರು 1899ರ ಜುಲೈ 3ರಂದು, ಆಗ ಜರ್ಮನಿಗೆ ಸೇರಿದ್ದ ಮೇಲಣ ಸೈಲೀಷಿಯದ ಟೋಸ್ಟ್ ಎಂಬ ಊರಿನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. 1917ರಲ್ಲಿ, ಇನ್ನೂ ಹದಿನೆಂಟರ ಹರೆಯದಲ್ಲಿ, ಒಂದು ಆಸ್ಪತ್ರೆಯಲ್ಲಿ ಸ್ವಯಂಸೇವಕರಾಗಿದ್ದಾಗ, ಬೆನ್ನು ಮುರಿದ ಗಣಿ ಕಾರ್ಮಿಕನೊಬ್ಬನನ್ನು ಕಂಡರು. ಕೆಲವೇ ವಾರಗಳಲ್ಲಿ ಸಾಯುವವನ ವಿಷಯದಲ್ಲಿ ಹೆಚ್ಚೇನೂ ಬರೆದಿಡಬೇಕಾಗಿಲ್ಲವೆಂದು ಹಿರಿಯ ವೈದ್ಯರು ತಿಳಿಸಿದರು. ಗಟ್ಟಿಮುಟ್ಟಾಗಿದ್ದ ಆ ತರುಣ ಐದು ವಾರಗಳಲ್ಲಿ ತೀರಿಹೋದನು. ಆ ಸಾವನ್ನು ಗುಟ್‌ಮನ್ನರು ಜೀವಮಾನವಿಡೀ ಮರೆಯಲಿಲ್ಲ.

1924ರಲ್ಲಿ ವೈದ್ಯ ಪದವಿ ಪಡೆದು, ಬ್ರೆಸ್ಲೌ ನಗರದಲ್ಲಿ ನರರೋಗ ತಜ್ಞ ಫರ್ಸ್ಟರ್‌ರ ಬಳಿ ಪಳಗಿದರು. 1933ರಲ್ಲಿ ನಾಜಿಗಳ ಆಳ್ವಿಕೆ ಬಂದಾಗ ಯಹೂದಿಗಳೆಂಬ ಒಂದೇ ಕಾರಣಕ್ಕೆ ಕೆಲಸ ಕಳೆದುಕೊಂಡು, ಅದೇ ನಗರದ ಯಹೂದಿ ಆಸ್ಪತ್ರೆಯನ್ನು ಸೇರಿದರು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಮನೆ ಅಂಗಡಿಗಳ ಮೇಲೆ ದಾಳಿ ನಡೆದಾಗ, ಬಾಗಿಲಿಗೆ ಬಂದವರನ್ನೆಲ್ಲ ರೋಗಿಗಳೆಂದು ಸೇರಿಸಿಕೊಳ್ಳುವಂತೆ ಆಜ್ಞೆ ಮಾಡಿದರು. ಮರುದಿನ ಪೊಲೀಸರೆದುರು ಒಬ್ಬೊಬ್ಬರಿಗೂ ಒಂದೊಂದು ರೋಗವನ್ನು ಹೇಳಿ, 64 ಮಂದಿಯಲ್ಲಿ 60 ಮಂದಿಯನ್ನು ಉಳಿಸಿಕೊಂಡರು. 1939ರಲ್ಲಿ ಪತ್ನಿ ಮತ್ತು ಇಬ್ಬರು ಮಕ್ಕಳೊಡನೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಬಂದು ನೆಲೆಸಿದರು.

ಎರಡನೆಯ ಮಹಾಯುದ್ಧದ ಗಾಯಾಳುಗಳಿಗಾಗಿ 1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡವಿಲ್ ಎಂಬಲ್ಲಿ ಬೆನ್ನುಹುರಿಯ ಚಿಕಿತ್ಸಾ ಕೇಂದ್ರ ತೆರೆಯಿತು. ಅದರ ಭಾರ ಗುಟ್‌ಮನ್ನರ ಹೆಗಲಿಗೆ ಬಂತು. ಅಲ್ಲಿಯವರೆಗೆ ಇಂಥ ರೋಗಿಗಳನ್ನು ಕೊಲ್ಲುತ್ತಿದ್ದುದು ಬಹುಮಟ್ಟಿಗೆ ಹಾಸಿಗೆ ಹುಣ್ಣು ಮತ್ತು ಮೂತ್ರಕೋಶದ ಸೋಂಕು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲು ಬದಲಿಸಬೇಕೆಂದು ಅವರು ನಿಯಮ ಮಾಡಿದರು. ಅದು ನಡೆಯುತ್ತಿದೆಯೇ ಎಂದು ನೋಡಲು ರಾತ್ರಿಯಲ್ಲಿಯೂ ವಾರ್ಡಿಗೆ ಬರುತ್ತಿದ್ದರು. ಜೀವ ಉಳಿಸಿದರಷ್ಟೇ ಸಾಲದು, ಉಳಿದ ಜೀವಕ್ಕೆ ಕೆಲಸ ಬೇಕು ಎಂಬುದು ಅವರ ನಿಲುವು. ಮರಗೆಲಸ, ಗಡಿಯಾರ ರಿಪೇರಿ, ಬೆರಳಚ್ಚುಗಳನ್ನು ಆಸ್ಪತ್ರೆಯಲ್ಲಿಯೇ ಕಲಿಸಿದರು. ಕಾಲಿಲ್ಲದವನಿಗೆ ಕೈಯೇ ಕಾಲು. ಆದುದರಿಂದ ತೋಳು ಭುಜಗಳನ್ನು ಬಲಪಡಿಸಲು ಆಟಗಳನ್ನು ತಂದರು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾದ ದಿನವೇ, ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ 14 ಪುರುಷರೂ 2 ಮಹಿಳೆಯರೂ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ವಿದ್ಯೆಯಲ್ಲಿ ಸ್ಪರ್ಧಿಸಿದರು.

ಬೆನ್ನಿನ ಕೆಳಭಾಗದಲ್ಲಿ ಪೆಟ್ಟಾದವರಿಗೆ ತೋಳುಗಳ ಪೂರ್ಣ ಬಲವಿರುತ್ತದೆ. ಕತ್ತಿನಲ್ಲಿ ಪೆಟ್ಟಾದವರ ಗತಿಯೇನು? ಕೊರಳಿನ ಬೆನ್ನುಹುರಿಯಿಂದ ಎಂಟು ಜೊತೆ ನರಗಳು ಹೊರಡುತ್ತವೆ. ಐದನೆಯದು ಮುಖ್ಯವಾಗಿ ಭುಜವನ್ನೆತ್ತಲು ಮತ್ತು ಮೊಣಕೈ ಮಡಚಲು, ಆರನೆಯದು ಮಣಿಕಟ್ಟನ್ನು ಮೇಲೆತ್ತಲು, ಏಳನೆಯದು ಮೊಣಕೈಯನ್ನು ನೇರಮಾಡಲು, ಎಂಟನೆಯದು ಬೆರಳು ಮಡಚಲು ಬೇಕು. ಆದುದರಿಂದ ಪೆಟ್ಟು ಒಂದು ಮೆಟ್ಟಿಲು ಮೇಲೋ ಕೆಳಗೋ ಆದರೆ, ಸ್ವಂತ ಕೈಯಿಂದ ಉಣ್ಣುವುದಕ್ಕೂ ಉಣ್ಣದಿರುವುದಕ್ಕೂ ಇರುವಷ್ಟು ಅಂತರವಾಗುತ್ತದೆ. ಓದುಗರು ತಮ್ಮ ಕೈಯನ್ನು ಸಡಿಲಬಿಟ್ಟು ಮಣಿಕಟ್ಟನ್ನು ಮೇಲೆತ್ತಿ ನೋಡಲಿ. ಬೆರಳುಗಳು ತಾವಾಗಿಯೇ ಒಳಗೆ ಮಡಚಿಕೊಳ್ಳುತ್ತವೆ. ಬೆರಳ ಬಲ ಹೋದವನಿಗೆ ಈ ಮಡಿಕೆಯೇ ಹಿಡಿತ. ಬೆರಳುಗಳನ್ನು ಹಿಂದಕ್ಕೆಳೆದು ಅತಿಯಾಗಿ ಸಡಿಲಿಸಿದರೆ ಆ ಹಿಡಿತವೂ ಹೋಗುತ್ತದೆ. ಇದನ್ನರಿಯದೆ ನಾವು ದಿನವೂ ಎಣ್ಣೆ ಹಚ್ಚಿ ಮಾವನ ಬೆರಳುಗಳನ್ನು ಪ್ರೀತಿಯಿಂದಲೇ ಹಿಂದಕ್ಕೆ ಎಳೆಯುತ್ತಿದ್ದೆವು!

ಹಿಡಿತವಿಲ್ಲದ ಕೈಗೆ ಟೇಬಲ್ ಟೆನ್ನಿಸ್ ಬ್ಯಾಟನ್ನು ಪಟ್ಟಿಯಿಂದ ಬಿಗಿದು ಆಡಿಸುವ ಪದ್ಧತಿ ಬೆಳೆಯಿತು. 1952ರಲ್ಲಿ ಡಚ್ಚರು ಬಂದು ಸೇರಿದ್ದರಿಂದ ಸ್ಟೋಕ್ ಮ್ಯಾಂಡವಿಲ್ಲಿನ ಆಟಗಳು ಅಂತರರಾಷ್ಟ್ರೀಯವಾದವು. 1960ರಲ್ಲಿ ರೋಮ್ ನಗರದಲ್ಲಿ 23 ದೇಶಗಳ ಸುಮಾರು 400 ಮಂದಿ ಸೇರಿದರು. ಇಂದು ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಎಣಿಸುತ್ತಾರೆ. 1972ರ ಹೈಡಲ್‌ಬರ್ಗಿನ ಕೂಟದಲ್ಲಿ ಕತ್ತಿನ ಪೆಟ್ಟಿನವರಿಗೂ ಸ್ಥಾನ ದೊರೆಯಿತು. ಅದೇ ಕೂಟದಲ್ಲಿ, 1965ರ ಯುದ್ಧದಲ್ಲಿ ಗುಂಡೇಟು ತಿಂದಿದ್ದ ನಮ್ಮ ಸೈನಿಕ ಮುರಳಿಕಾಂತ್ ಪೇಟ್ಕರ್ ಈಜಿನಲ್ಲಿ ಚಿನ್ನ ಗೆದ್ದರು. 1970ರ ದಶಕದಲ್ಲಿ ಕೆನಡಾದ ವಿನಿಪೆಗ್‌ನಲ್ಲಿ, ಕೈಬಲ ಕುಂದಿದವರು ತಮಗಾಗಿ ತಾವೇ ಗಾಲಿಕುರ್ಚಿಯ ರಗ್ಬಿ ಆಟವನ್ನು ಹುಟ್ಟುಹಾಕಿದರು.

1966ರಲ್ಲಿ ಗುಟ್‌ಮನ್ನರಿಗೆ ಸರ್ ಪದವಿ ಬಂತು. 1980ರ ಮಾರ್ಚ್ 18ರಂದು ಅವರು ನಿಧನರಾದರು. ತುಂಡಾದ ಬೆನ್ನುಹುರಿಯನ್ನು ಕೂಡಿಸುವ ವಿದ್ಯೆ ಅವರಿಗೂ ತಿಳಿದಿರಲಿಲ್ಲ. ಹೋದುದನ್ನು ಎಣಿಸುತ್ತ ಕೂರದೆ ಉಳಿದುದನ್ನು ಅಳೆದು ಅದಕ್ಕೆ ಕೆಲಸ ಕೊಟ್ಟದ್ದೇ ಅವರ ಹಿರಿಮೆ.

ಕಳೆದ ದೀಪಾವಳಿಯ ರಜೆಯಲ್ಲಿ ನಾನು ಊರಿಗೆ ಹೋಗಿದ್ದೆ. ವ್ಯಾಯಾಮ ಚಿಕಿತ್ಸೆ ಕಲಿಸುವವರೊಬ್ಬರು ಮಾವನ ಅಂಗೈಗೆ ಚರ್ಮದ ಪಟ್ಟಿ ಕಟ್ಟಿ, ಅದರಲ್ಲಿ ಚಮಚ ಸಿಕ್ಕಿಸಿಕೊಟ್ಟಿದ್ದರು. ಮಾವ ತಟ್ಟೆಯ ಮೇಲೆ ಬಾಗಿ, ಮೊಣಕೈ ಮಡಚಿ, ಒಂದು ತುತ್ತನ್ನು ಬಾಯಿಗಿಟ್ಟರು. ಅರ್ಧ ಅನ್ನ ಪಂಚೆಯ ಮೇಲೆ ಬಿತ್ತು. ತೆಗೆಯಲು ಬಂದ ಅತ್ತೆಯನ್ನು ಅವರು ಬೇಡವೆಂದು ತಡೆದರು. ಆ ಊಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಾವು ಯಾರೂ ಕೈ ಹಾಕಲಿಲ್ಲ.