ಗದಗಿನ ಅಜ್ಜ ಮತ್ತು ನಮ್ಮೂರಿನ ಪೇಟಿ ಮಾಸ್ತರ

ಸೆಪ್ಟೆಂಬರ್ 17 ಎಂದರೆ ನಮ್ಮ ಕೊಪ್ಪಳ ಜಿಲ್ಲೆಯವರಿಗೆ ಧ್ವಜ ಹಾರಿಸುವ ದಿನ. ಆಗಸ್ಟ್ 15ಕ್ಕೆ ಒಮ್ಮೆ, ಜನವರಿ 26ಕ್ಕೆ ಒಮ್ಮೆ, ಜೊತೆಗೆ ನಿಜಾಮನ ಆಳ್ವಿಕೆ ಮುಗಿದ ನೆನಪಿಗೆ ಇನ್ನೊಮ್ಮೆ. 2010ರ ಸೆಪ್ಟೆಂಬರ್ 17ರಂದು ನನಗೆ ಐದು ವರ್ಷ. ಶಾಲೆಗೆ ಹೋಗುವ ಅಕ್ಕನ ಕೈಹಿಡಿದು ನಾನೂ ಹೋಗಿದ್ದೆ, ಸಿಹಿ ತಿಂದು ಬಂದಿದ್ದೆ. ಆ ದಿನದ ಇನ್ನೊಂದು ಚಿತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಟಿ.ವಿ. ಮುಂದಿನಿಂದ ಏಳಲೇ ಇಲ್ಲ. ಅವ್ವ ಊಟಕ್ಕೆ ಎಷ್ಟು ಕರೆದರೂ ಮಾತಿಲ್ಲ. ಪರದೆಯ ಮೇಲೆ ಹಣೆತುಂಬ ವಿಭೂತಿ ಧರಿಸಿದ, ಕಣ್ಣು ಮುಚ್ಚಿದ ಮುದುಕರೊಬ್ಬರ ಮುಖ. ಗದಗಿನ ಪುಟ್ಟರಾಜ ಗವಾಯಿಗಳು ತೀರಿಕೊಂಡಿದ್ದರು. ಅವರಿಗೆ 96 ವರ್ಷ.

ಅದು ಗಣಪತಿ ಹಬ್ಬದ ಏಳನೇ ದಿನ. ಯಲಬುರ್ಗಾ ತಾಲ್ಲೂಕಿನ ನಮ್ಮೂರಿನ ಪೆಂಡಾಲಿನಲ್ಲಿ ಬೆಳಿಗ್ಗೆಯವರೆಗೂ ಸಿನಿಮಾ ಹಾಡು ಜೋರಾಗಿತ್ತಂತೆ. ಸುದ್ದಿ ಬಂದ ಮೇಲೆ ಹುಡುಗರು ತಾವಾಗಿಯೇ ಧ್ವನಿವರ್ಧಕ ಬಂದ್ ಮಾಡಿದರಂತೆ. ರಾತ್ರಿ ಪೆಂಡಾಲಿನ ಮುಂದೆ ಚಾಪೆ ಹಾಸಿಕೊಂಡು ಕುಳಿತ ಜನ ಒಬ್ಬೊಬ್ಬರಾಗಿ ಅಜ್ಜನ ನೆನಪು ತೆಗೆದರು. ಒಬ್ಬರು ಪುರಾಣ ಮಂಗಲದ ದಿನ ಅವರ ಪಾದ ಮುಟ್ಟಿದ್ದನ್ನು ಹೇಳಿದರು. ಇನ್ನೊಬ್ಬರು ತಮ್ಮ ಹೊಲದ ಜೋಳ ಅವರ ತುಲಾಭಾರದ ತಕ್ಕಡಿ ಏರಿದ್ದನ್ನು ಹೇಳಿದರು. ಮತ್ತೊಬ್ಬರು ಜಾತ್ರೆಯಲ್ಲಿ ಅವರ ಕಂಪನಿಯ ನಾಟಕ ನೋಡಿ ಬೆಳಗಿನ ಜಾವ ನಡೆದುಕೊಂಡು ಊರಿಗೆ ಬಂದದ್ದನ್ನು ಹೇಳಿದರು. ಮರುದಿನ ಟ್ರ್ಯಾಕ್ಸ್ ತುಂಬ ಜನ ಗದಗಿಗೆ ಹೊರಟರು. ಅಪ್ಪನೂ ಅದರಲ್ಲಿದ್ದ. ಕೊಪ್ಪಳದವರು ರೈಲಿನಲ್ಲಿ, ಕುಷ್ಟಗಿಯವರು ಬಸ್ಸಿನಲ್ಲಿ, ಗಂಗಾವತಿಯವರು ಕೊಪ್ಪಳ ದಾಟಿಕೊಂಡು ಬಂದಿದ್ದರೆಂದು ಅಪ್ಪ ಆಗಾಗ ಹೇಳುತ್ತಾನೆ. ಲಕ್ಷಾಂತರ ಜನ ಸೇರಿದ್ದ ಆ ಗದ್ದಲದಲ್ಲಿ ಅವನಿಗೆ ದರ್ಶನವಾದದ್ದು ದೂರದಿಂದ, ಒಂದೇ ಕ್ಷಣ.

ನಾವು ಎಂಜಿನಿಯರಿಂಗ್ ಹುಡುಗರು ರಾಕ್ ಸ್ಟಾರ್ ಎಂಬ ಪದವನ್ನು ಸುಲಭವಾಗಿ ಬಳಸುತ್ತೇವೆ. ವಿದೇಶದಲ್ಲಿ ಗಾಯಕರೊಬ್ಬರು ಸತ್ತರೆ ಅಭಿಮಾನಿಗಳು ಬೀದಿಯಲ್ಲಿ ಮೇಣದಬತ್ತಿ ಹಚ್ಚಿ ಅಳುವುದನ್ನು ಮೊಬೈಲಿನಲ್ಲಿ ನೋಡುತ್ತೇವೆ. ನಮ್ಮ ಸೀಮೆಯಲ್ಲಿ ಒಬ್ಬ ಸಂಗೀತಗಾರನಿಗಾಗಿ ಊರಿಗೆ ಊರೇ ಒಲೆ ಹಚ್ಚದೆ ಕುಳಿತದ್ದು ನನ್ನ ಓರಗೆಯವರಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಸರು ಗೊತ್ತಿದೆ, ಹೋಟೆಲಿನ ಗೋಡೆಯ ಮೇಲಿನ ಫೋಟೊ ಗೊತ್ತಿದೆ. ಬದುಕು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಪುಟ್ಟರಾಜರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಈಗಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ. ತಂದೆ ರೇವಯ್ಯ, ತಾಯಿ ಸಿದ್ದಮ್ಮ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ಪುಟ್ಟಯ್ಯ. ಎಳವೆಯಲ್ಲೇ ಕಣ್ಣು ಹೋಯಿತು. ತಂದೆ ತಾಯಿಯೂ ಬೇಗ ಹೋದರು. ಸೋದರಮಾವ ಚಂದ್ರಶೇಖರಯ್ಯನವರ ಆಸರೆಯಲ್ಲಿ ಬೆಳೆದ ಹುಡುಗನ ಬೆರಳು ಹಾರ್ಮೋನಿಯಂ ಕಡೆಗೆ ತಾನಾಗಿ ಓಡುತ್ತಿತ್ತು. ಅದನ್ನು ಗಮನಿಸಿದ ಮಾವ ಅವನನ್ನು ಕರೆದುಕೊಂಡು ಹೋಗಿ ಪಂಚಾಕ್ಷರ ಗವಾಯಿಗಳಿಗೆ ಒಪ್ಪಿಸಿದರು.

ಆ ಗುರುವಿಗೂ ಕಣ್ಣಿರಲಿಲ್ಲ. ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಗುರುತಿಸಿ ಸಂಗೀತ ಕಲಿಸಿದರು. ಅವರು ಕರ್ನಾಟಕ ಸಂಗೀತ, ಹಿಂದೂಸ್ತಾನಿ ಎರಡನ್ನೂ ಪಳಗಿಸಿಕೊಂಡರು. ತಾವು ಕಲಿತದ್ದನ್ನು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಕಲಿಸಲು ಹೊರಟರು. ಆಗ ಅವರ ಪಾಠಶಾಲೆಗೆ ಗೋಡೆ ಇರಲಿಲ್ಲ. ಶಿಷ್ಯರನ್ನು ಕಟ್ಟಿಕೊಂಡು ಊರಿಂದ ಊರಿಗೆ ನಡೆಯುವುದು, ಹಾಡುವುದು, ಜೋಳಿಗೆಗೆ ಬಿದ್ದದ್ದನ್ನು ಹಂಚಿ ಉಣ್ಣುವುದು. ಕೊನೆಗೆ ಗದಗಿನಲ್ಲಿ ಬಸರಿಗಿಡದ ವೀರಪ್ಪನವರು ಜಾಗ ಕೊಟ್ಟರು. ಅವರ ಹೆಸರು ಉಳಿಯುವಂತೆ ಅದು ವೀರೇಶ್ವರ ಪುಣ್ಯಾಶ್ರಮವಾಯಿತು. ಹಿಂದೂಸ್ತಾನಿ ಗಾಯನದ ದೊಡ್ಡ ಹೆಸರಾದ ಬಸವರಾಜ ರಾಜಗುರು ಕೂಡ ಅದೇ ಗುರುವಿನ ಶಿಷ್ಯರು.

ಪುಟ್ಟಯ್ಯ ಅಲ್ಲಿ ಹಾಡು ಕಲಿತರು, ಹಾರ್ಮೋನಿಯಂ ಕಲಿತರು, ತಬಲಾ, ಪಿಟೀಲು, ಸಾರಂಗಿ ಕಲಿತರು. ಒಂದು ವಾದ್ಯ ಕೈಗೆ ಬಂದ ಮೇಲೆ ಇನ್ನೊಂದಕ್ಕೆ ಕೈ ಹಾಕುವ ಸ್ವಭಾವ. ಕನ್ನಡದ ಜೊತೆಗೆ ಸಂಸ್ಕೃತ, ಹಿಂದಿಯನ್ನೂ ಕಿವಿಯಿಂದಲೇ ಗಟ್ಟಿ ಮಾಡಿಕೊಂಡು ಮೂರೂ ಭಾಷೆಯಲ್ಲಿ ಗ್ರಂಥ ರಚಿಸಿದರು. ಬ್ರೈಲ್ ಲಿಪಿಯೂ ಅವರಿಗೆ ಒಲಿದಿತ್ತು. ಇಷ್ಟು ಓದಿದಾಗ ನನಗೆ ಮೊದಲು ಅನಿಸಿದ್ದು ಇದು ನಮ್ಮಂಥವರಿಗೆ ದಕ್ಕುವ ಮಾತಲ್ಲ, ದೈವಾಂಶದವರ ಮಾತು ಎಂದು. ಹಾಗೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ಆದರೆ 1944ರಲ್ಲಿ ನಡೆದದ್ದನ್ನು ನೋಡಿದರೆ ಸುಮ್ಮನಾಗಲು ಆಗುವುದಿಲ್ಲ.

ಆ ವರ್ಷ ಜೂನ್‌ನಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದರು. ಪುಟ್ಟರಾಜರಿಗೆ ಆಗ ಮೂವತ್ತು ವರ್ಷ. ಗುರು ಬಿಟ್ಟುಹೋದದ್ದು ಆಸ್ತಿಯಲ್ಲ, ದಿನಕ್ಕೆರಡು ಹೊತ್ತು ಊಟ ಹಾಕಬೇಕಾದ ಮಕ್ಕಳನ್ನು. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿತ್ತು. ಗದಗ ಮುಂಬೈ ಪ್ರಾಂತ್ಯದಲ್ಲಿತ್ತು, ಪಕ್ಕದ ನಮ್ಮ ಕೊಪ್ಪಳ ನಿಜಾಮನ ರಾಜ್ಯದಲ್ಲಿತ್ತು. ಮಹಾಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ತಾನೊಬ್ಬ ಒಳ್ಳೆಯ ಗಾಯಕನಾಗಿ ಕಛೇರಿ ಹಿಡಿದಿದ್ದರೆ ಪುಟ್ಟರಾಜರ ಬದುಕು ಹೇಗೋ ನಡೆಯುತ್ತಿತ್ತು. ಅವರು ಆಶ್ರಮದ ಹೊಣೆ ಹೊತ್ತರು. 1944ರಿಂದ 2010ರವರೆಗೆ, 66 ವರ್ಷ, ಅದನ್ನು ಇಳಿಸಲಿಲ್ಲ.

ಆ ಹೊಣೆ ನಡೆದದ್ದು ಹೇಗೆ ಎಂಬುದೇ ನನಗೆ ಈ ಕಥೆಯಲ್ಲಿ ಹೆಚ್ಚು ಕುತೂಹಲದ ಭಾಗ. ಮೊದಲನೆಯದು ನಾಟಕ. ಗುರುವಿನ ಹೆಸರಿನಲ್ಲೇ ಆಶ್ರಮದ ನಾಟಕ ಕಂಪನಿ ಇತ್ತು. ಊರೂರಿನ ಜಾತ್ರೆಯಲ್ಲಿ ಕ್ಯಾಂಪ್ ಹಾಕಿ ಶರಣರ ಕಥೆ, ಪುರಾಣದ ಕಥೆ ಆಡುತ್ತಿತ್ತು. ಟಿಕೆಟ್ ಹಣ ಆಶ್ರಮದ ಅಡುಗೆ ಮನೆಗೆ. ಎರಡನೆಯದು ಪುರಾಣ. ಶ್ರಾವಣ ಬಂತೆಂದರೆ ನಮ್ಮ ಕಡೆ ಮಠ, ಗುಡಿಗಳಲ್ಲಿ ಪುರಾಣ ಹಚ್ಚುತ್ತಾರೆ. ಶಾಸ್ತ್ರಿಗಳು ಕಥೆ ಹೇಳಿದರೆ, ನಡುನಡುವೆ ಹಾಡಲು ಒಬ್ಬ ಗವಾಯಿ ಬೇಕು, ಸಾಥ್ ಕೊಡಲು ತಬಲಾದವರು ಬೇಕು. ಈ ಕೆಲಸಕ್ಕೆ ಗದಗಿನ ಹುಡುಗರಿಗೆ ಎಲ್ಲಿಲ್ಲದ ಬೇಡಿಕೆ. ಮೂರನೆಯದು ತುಲಾಭಾರ. ಭಕ್ತರು ತಕ್ಕಡಿಯ ಒಂದು ಕಡೆ ಅಜ್ಜನನ್ನು ಕೂರಿಸಿ ಇನ್ನೊಂದು ಕಡೆ ನಾಣ್ಯ, ಬೆಲ್ಲ, ಸಕ್ಕರೆ, ಜೋಳ ತೂಗುತ್ತಿದ್ದರು. ತೂಗಿದ್ದೆಲ್ಲ ಮಕ್ಕಳ ದಾಸೋಹಕ್ಕೆ ಹೋಗುತ್ತಿತ್ತು. ನೋಡಿದವರಿಗೆ ಅದು ಭಕ್ತಿಯ ಸಂಭ್ರಮ. ತಕ್ಕಡಿಯಲ್ಲಿ ಕುಳಿತವರ ತಲೆಯಲ್ಲಿ ಮುಂದಿನ ತಿಂಗಳ ಹಿಟ್ಟಿನ ಲೆಕ್ಕವಿದ್ದಿರಬೇಕು ಎಂದು ನನಗೆ ಅನಿಸುತ್ತದೆ.

ಕಲಿಸುವ ರೀತಿಯೂ ಹಾಗೆಯೇ. ಒಬ್ಬ ಗುರು ನೂರಾರು ಮಕ್ಕಳ ಬೆರಳು ಹಿಡಿಯಲು ಆಗುವುದಿಲ್ಲ. ದೊಡ್ಡ ಹುಡುಗ ಸಣ್ಣವನಿಗೆ ಕಲಿಸಬೇಕು, ಆ ಸಣ್ಣವ ನಾಳೆ ಬಂದವನಿಗೆ. ಕಾಣದವರು ಕಾಣದವರಿಗೆ ದಾರಿ ತೋರಿಸುವ ಶಾಲೆ ಅದು. ಕಣ್ಣಿದ್ದ ಬಡ ಮಕ್ಕಳಿಗೂ ಬಾಗಿಲು ತೆರೆದಿತ್ತು. ಇಂದು ನಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ದಾಸರ ಪದ, ವಚನ ಕೇಳುವಾಗ ಸಿಗುವ ಪಂಡಿತ್ ಎಂ. ವೆಂಕಟೇಶಕುಮಾರ್ ಅವರು ಬಳ್ಳಾರಿ ಕಡೆಯ ಲಕ್ಷ್ಮೀಪುರದ ಹುಡುಗ. ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಅವರ ಸೋದರಮಾವ. ವೀರಣ್ಣ ಕೈಹಿಡಿದು ತಂದು ಬಿಟ್ಟದ್ದು ಇದೇ ಆಶ್ರಮಕ್ಕೆ. ಹನ್ನೆರಡು ವರ್ಷ ಅಲ್ಲಿದ್ದು ಕಲಿತರು. 2016ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪುಟ್ಟರಾಜರನ್ನೂ ಮೊದಲು ಸೋದರಮಾವನೇ ಕರೆತಂದದ್ದು ಎಂಬುದು ನೆನಪಾದರೆ, ನಮ್ಮ ಕಡೆಯ ಸೋದರಮಾವಂದಿರ ಬಗ್ಗೆ ಗೌರವ ಹೆಚ್ಚಾಗುತ್ತದೆ.

ಪುಟ್ಟರಾಜರಿಗೂ ಗೌರವ ತಡವಾಗಿಯಾದರೂ ಹುಡುಕಿಕೊಂಡು ಬಂತು. ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, ತೀರಿಕೊಂಡ ವರ್ಷವೇ ಪದ್ಮಭೂಷಣ. ಅವರ ಗುರುವಿನ ಬದುಕು 1995ರಲ್ಲಿ ಸಿನಿಮಾ ಆಯಿತು. ಅದರ ಸಂಗೀತಕ್ಕೆ ಹಂಸಲೇಖ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಪೆಂಡಾಲಿನ ಮುಂದೆ ಕುಳಿತ ನಮ್ಮೂರ ಜನ ಆ ರಾತ್ರಿ ಪ್ರಶಸ್ತಿಯ ಮಾತು ತೆಗೆದಿರಲಿಲ್ಲವಂತೆ.

ಅವರಲ್ಲಿ ಒಬ್ಬರು ಕೊನೆಯವರೆಗೂ ಏನೂ ಹೇಳದೆ ಕುಳಿತಿದ್ದರು. ನಮ್ಮೂರಿನ ಪೇಟಿ ಮಾಸ್ತರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಅವರಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕವರಿದ್ದಾಗ ಗದಗಿನ ಆಶ್ರಮದಲ್ಲಿದ್ದವರು. ಹೋದ ವರ್ಷ ಎರಡು ವಿಷಯ ಬ್ಯಾಕ್ ಉಳಿದು, ಮನೆಯಲ್ಲಿ ಮುಖ ತೋರಿಸಲು ನಾಚಿಕೆಯಾಗಿ, ರಜೆಯಲ್ಲಿ ಸಂಜೆ ಹೊತ್ತು ಅವರ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ಅವರಿಗೆ ನನ್ನ ಮುಖ ಕಾಣುವುದಿಲ್ಲ ಎಂಬ ಧೈರ್ಯವೂ ಇತ್ತು. ಒಂದು ದಿನ ಅಜ್ಜನ ಬಗ್ಗೆ ಕೇಳಿದೆ. ಪವಾಡದ ಕಥೆ ಏನಾದರೂ ಬರುತ್ತದೆ ಎಂದುಕೊಂಡಿದ್ದೆ.

ಅವರು ಹೇಳಿದ್ದು ತಮ್ಮ ಕಥೆ. ಆರನೇ ವಯಸ್ಸಿನವರೆಗೆ ಅವರನ್ನು ಮನೆಯ ಕಂಬದ ಪಕ್ಕ ಕೂರಿಸಿ ಎಲ್ಲರೂ ಹೊಲಕ್ಕೆ ಹೋಗುತ್ತಿದ್ದರು. ಯಾರೂ ಬಯ್ಯುತ್ತಿರಲಿಲ್ಲ, ಯಾರೂ ಕೆಲಸ ಹೇಳುತ್ತಲೂ ಇರಲಿಲ್ಲ. ಆಶ್ರಮಕ್ಕೆ ಹೋದ ಮೇಲೆ ಬೆಳಗಿನ ಜಾವ ಎಬ್ಬಿಸಿದರು, ನೀರು ತರಲು ಹಚ್ಚಿದರು, ತಪ್ಪು ಸ್ವರಕ್ಕೆ ಬೈದರು. ಬೈಗುಳ ತಿಂದ ದಿನ ತಾನೂ ಒಬ್ಬ ಮನುಷ್ಯ ಎನಿಸಿತಂತೆ. ಹದಿನೆಂಟನೇ ವಯಸ್ಸಿನಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಊರಿನಲ್ಲಿ ಶ್ರಾವಣ ಪೂರ್ತಿ ಪುರಾಣಕ್ಕೆ ಹಾಡಿ, ಮಂಗಲದ ದಿನ ಕೊಟ್ಟ ಕಾಣಿಕೆಯನ್ನು ತಂದು ಅವ್ವನ ಉಡಿಗೆ ಹಾಕಿದರು. ಅವರ ಅವ್ವ ಆ ದುಡ್ಡನ್ನು ಬಹಳ ದಿನ ಖರ್ಚು ಮಾಡಲಿಲ್ಲ. ಆಮೇಲೆ ಗಂಗಾವತಿ ಕಡೆ ಭಜನಾ ಸಂಘಗಳಿಗೆ ಕಲಿಸಿದರು, ಹಳ್ಳಿ ನಾಟಕಗಳಿಗೆ ಪೇಟಿ ಹಿಡಿದರು, ಅದರಲ್ಲೇ ಮದುವೆ, ಮನೆ, ಮಗಳ ಓದು. ಅಜ್ಜನ ನೆನಪು ಹೇಳಿ ಎಂದು ಮತ್ತೆ ಕೇಳಿದೆ. ಇಷ್ಟು ಹೊತ್ತು ಹೇಳಿದ್ದು ಅದೇ ಅಲ್ಲವೇ ಎಂಬಂತೆ ನಕ್ಕರು.

ಆಮೇಲೆ ನನಗೆ ಹೊಳೆಯಿತು. ಒಬ್ಬ ದೊಡ್ಡ ಗಾಯಕ ಸತ್ತಾಗ ನಾವು ಎಲ್ಲಿ ಅವರನ್ನು ನೋಡಿದೆವು, ಯಾವ ಹಾಡಿಗೆ ಅತ್ತೆವು ಎಂದು ಹೇಳಿಕೊಳ್ಳುತ್ತೇವೆ. ಗದಗಿನ ಅಜ್ಜನ ಬಗ್ಗೆ ಜನ ಹೇಳುವುದು ಅವರಿಂದಾಗಿ ತಾವು ಏನಾದೆವು ಎಂಬುದನ್ನು. ಅವರ ಹಾಡಿನ ಧ್ವನಿಮುದ್ರಿಕೆಯನ್ನು ಎಂದೂ ಕೇಳದವರೂ ಅವರ ಅಭಿಮಾನಿಗಳು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಯಾವ ಕಡೆ ಹೋದರೂ ಗದಗಿನಲ್ಲಿ ಕಲಿತು ಬಂದ ಒಬ್ಬ ಸಂಗೀತ ಶಿಕ್ಷಕ, ಒಬ್ಬ ಗವಾಯಿ, ಒಬ್ಬ ತಬಲಾದವರು ಸಿಗುತ್ತಾರೆ. ಯಾರೂ ಹೆಸರಾಂತರಲ್ಲ. ಯಾರ ಎದುರೂ ಕೈಚಾಚದೆ ದುಡಿದು ಉಣ್ಣುವವರು.

ನಾವೀಗ ಕ್ಯಾಂಪಸ್ ಸಂದರ್ಶನ, ಸ್ಪರ್ಧಾತ್ಮಕ ಪರೀಕ್ಷೆ ಎಂದು ಓಡುತ್ತಿದ್ದೇವೆ. ಧಾರವಾಡದ ಕೋಣೆಗಳಲ್ಲಿ ವರ್ಷಗಟ್ಟಲೆ ಓದುತ್ತಿರುವ ನಮ್ಮ ಅಣ್ಣಂದಿರ ಸಂಕಟ ನನಗೆ ಗೊತ್ತು. ಪುಟ್ಟರಾಜರ ಕಥೆ ಓದಿದರೆ ಕೆಲಸ ಸಿಕ್ಕಿಬಿಡುತ್ತದೆ ಎಂದು ಹೇಳುವಷ್ಟು ದಡ್ಡ ನಾನಲ್ಲ. ಒಂದು ಮಾತ್ರ ನಾನು ಶುರು ಮಾಡಿದೆ. ಬ್ಯಾಕ್ ಉಳಿದ ಎರಡರಲ್ಲಿ ಒಂದು ವಿಷಯವನ್ನು ನನ್ನ ಕಿರಿಯ ಗೆಳೆಯನಿಗೆ ಹೇಳಿಕೊಡುತ್ತಾ ಓದಿದೆ. ಆಶ್ರಮದ ಪದ್ಧತಿ. ಅವನೂ ಪಾಸಾದ, ನಾನೂ ಪಾಸಾದೆ. ಇನ್ನೊಂದು ವಿಷಯ ಇನ್ನೂ ಬಾಕಿ ಇದೆ.

ಮಾಸ್ತರ ಮನೆಯಲ್ಲಿ ಈಗ ಸಂಜೆ ಆರು ಮಕ್ಕಳು ಪೇಟಿ ಕಲಿಯುತ್ತಾರೆ. ಅದರಲ್ಲಿ ಪಕ್ಕದ ಊರಿನ ಒಬ್ಬ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಪ್ರತಿ ಸೆಪ್ಟೆಂಬರ್ 17ರಂದು ಬೆಳಿಗ್ಗೆ ಧ್ವಜ ಹಾರಿಸಿ ಬಂದ ಮೇಲೆ ಗುಡಿಯ ಕಟ್ಟೆಯಲ್ಲಿ ಅಜ್ಜನ ಫೋಟೊಕ್ಕೆ ಹೂವು ಏರಿಸಿ ಮಾಸ್ತರು ಈ ಮಕ್ಕಳಿಂದ ಹಾಡಿಸುತ್ತಾರೆ. ಹೋದ ವರ್ಷ ಅವನ ಸರದಿ ಬಂದಾಗ ಬೆರಳು ಒಂದು ಮನೆ ಆಚೆ ಬಿತ್ತು. ಮಾಸ್ತರು ಎಲ್ಲರ ಎದುರೇ ಗದರಿದರು. ಹುಡುಗ ಕಪ್ಪು ಪಟ್ಟಿಯನ್ನು ತಡಕಿ, ಪಕ್ಕದ ಬಿಳಿ ಪಟ್ಟಿಗೆ ಜಾರಿ, ಷಡ್ಜ ಹಿಡಿದ.